ನಾನು ಸಹಿ ಹಾಕಿದ್ದ ನೀರಿನ ಟ್ಯಾಂಕು

ಆ ಮಂಗಳವಾರ ಬೆಳಿಗ್ಗೆ ಸಾಗರದ ನಮ್ಮ ಲ್ಯಾಬಿಗೆ ಮೂರು ಕಡೆಯಿಂದ ಕಾಂಕ್ರೀಟ್ ಕ್ಯೂಬುಗಳು ಬಂದಿದ್ದವು. ಒಂದು ಸೆಟ್ಟು ಸಾಗರ ತಾಲ್ಲೂಕಿನ ಒಂದು ಕಿಂಡಿ ಅಣೆಕಟ್ಟಿನದು. ಇನ್ನೊಂದು ತೀರ್ಥಹಳ್ಳಿ ಕಡೆಯ ಒಂದು ಮೋರಿಯದು. ಮೂರನೆಯದು ಹೊಸನಗರ ತಾಲ್ಲೂಕಿನಲ್ಲಿ, ಮಾಸ್ತಿಕಟ್ಟೆಯಿಂದ ಆಚೆ ಒಂದು ಹಳ್ಳಿಗೆ ಕುಡಿಯುವ ನೀರಿಗೆಂದು ಕಟ್ಟಿದ ಟ್ಯಾಂಕಿನದು. ಮೂರೂ ಸರ್ಕಾರಿ ಕೆಲಸ, ಗುತ್ತಿಗೆದಾರರು ಮಾತ್ರ ಬೇರೆ ಬೇರೆ.

ಕ್ಯೂಬ್ ಅಂದರೆ ಆರಿಂಚು ಚೌಕದ ಕಾಂಕ್ರೀಟ್ ಗಟ್ಟಿ. ಕೆಲಸದ ಜಾಗದಲ್ಲಿ ಕಂಬಕ್ಕೋ ಗೋಡೆಗೋ ಸುರಿಯುವ ಅದೇ ಕಾಂಕ್ರೀಟನ್ನು ಕಬ್ಬಿಣದ ಅಚ್ಚಿಗೂ ತುಂಬಬೇಕು. ಮಾರನೆಯ ದಿನ ಅಚ್ಚು ಬಿಚ್ಚಿ ಗಟ್ಟಿಯನ್ನು ನೀರಲ್ಲಿ ಮುಳುಗಿಸಿಡಬೇಕು. ಇಪ್ಪತ್ತೆಂಟನೆಯ ದಿನ ನಾವು ಅದನ್ನು ಯಂತ್ರದಲ್ಲಿಟ್ಟು ಒಡೆಯುತ್ತೇವೆ. ಎಷ್ಟು ಭಾರಕ್ಕೆ ಒಡೆಯಿತು ಎಂದು ಬರೆದ ಹಾಳೆಯ ಕೆಳಗೆ ನಾನು ಸಹಿ ಹಾಕುತ್ತೇನೆ. ಆ ಹಾಳೆ ಇಲಾಖೆಗೆ ಮುಟ್ಟಿದ ಮೇಲೆ ಬಿಲ್ಲು ಪಾಸಾಗುತ್ತದೆ. ಲ್ಯಾಬಿನಲ್ಲಿ ವರದಿಗೆ ಸಹಿ ಹಾಕುವ ಅಧಿಕಾರ ಇದ್ದದ್ದು ನನಗೊಬ್ಬಳಿಗೆ.

ಟ್ಯಾಂಕಿನ ಮೊದಲ ಕ್ಯೂಬನ್ನು ಒರೆಸಿ ತೂಕಕ್ಕಿಡುವಾಗ ಬೆರಳಿಗೆ ಏನೋ ತಾಕಿತು. ಒಂದು ಮುಖದ ಮೇಲೆ ಬತ್ತದ ಕಾಳಿನಷ್ಟು ಉದ್ದದ ಉಬ್ಬು, ಅದರ ಪಕ್ಕದಲ್ಲಿ ಉಗುರಿನಿಂದ ಚಿವುಟಿದಂಥ ಗುಳಿ. ಅಚ್ಚಿನ ತಗಡಿಗೆ ಯಾರೋ ಉಳಿ ತಾಗಿಸಿರಬೇಕು, ಅದರ ಗುರುತು ಎಂದುಕೊಂಡೆ. ಅರ್ಧ ಗಂಟೆಯ ಮೇಲೆ ತೀರ್ಥಹಳ್ಳಿಯ ಮೋರಿಯ ಕ್ಯೂಬ್ ಎತ್ತಿಕೊಂಡೆ. ಅದೇ ಉಬ್ಬು, ಅದೇ ಗುಳಿ. ಎದ್ದು ಹೋಗಿ ಕಿಂಡಿ ಅಣೆಕಟ್ಟಿನ ಮೂರು ಕ್ಯೂಬುಗಳನ್ನು ತಿರುಗಿಸಿ ನೋಡಿದೆ. ಅವುಗಳಲ್ಲೊಂದಕ್ಕೂ ಅದೇ ಗುರುತಿತ್ತು.

ಜೊತೆಗೆ ಬಂದ ಚೀಟಿಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದೆ. ಮೂರು ಕೆಲಸಕ್ಕೂ ಕಾಂಕ್ರೀಟ್ ಹಾಕಿದ ದಿನಾಂಕ ಒಂದೇ. ಅಚ್ಚಿಗೆ ತುಂಬಿದ ಕಾಂಕ್ರೀಟು ಒಂದು ಇಡೀ ದಿನ ಅದರೊಳಗೇ ಇರಬೇಕು. ಹಾಗಿದ್ದ ಮೇಲೆ ಒಂದೇ ಅಚ್ಚು ಒಂದೇ ದಿನ ಸಾಗರದಲ್ಲಿ, ಹೊಸನಗರದಲ್ಲಿ, ತೀರ್ಥಹಳ್ಳಿಯಲ್ಲಿ ಇರುವುದು ಹೇಗೆ?

ನಮ್ಮ ಆಪರೇಟರ್ ಯಂತ್ರದ ಹತ್ತಿರ ನಿಂತು ಕಾಯುತ್ತಿದ್ದರು. ನನಗಿಂತ ಹಿರಿಯರು, ಕೈಯಲ್ಲಿ ಎತ್ತಿದ ಕ್ಯೂಬಿನ ತೂಕ ಹೇಳಬಲ್ಲವರು. "ಒಡೀಲಾ ಮೇಡಂ?" ಎಂದರು.

"ಮೊದ್ಲು ಫೋಟೋ ತೆಗೀತೀನಿ. ಆಮೇಲೆ ಒಡೀರಿ."

ಮೂರು ಕಡೆಯವೂ ಚೆನ್ನಾಗಿಯೇ ತಡೆದವು. ಬೇಕಾದದ್ದಕ್ಕಿಂತ ಜಾಸ್ತಿಯೇ ಭಾರ ಹೊತ್ತು, ನಡು ಸಣ್ಣಗಾಗಿ ಡಮರುವಿನ ಆಕಾರಕ್ಕೆ ಒಡೆದವು. ಒಡೆದ ಚೂರುಗಳನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಒಳಗಿದ್ದದ್ದು ಹೊಳೆಯ ಮರಳು, ಉರುಟು ಉರುಟಾದ ಕಾಳು. ಈಗ ಸರ್ಕಾರಿ ಕೆಲಸಕ್ಕೆ ಹೊಳೆಮರಳು ಎಲ್ಲಿ ಸಿಗುತ್ತದೆ? ಎಲ್ಲೆಲ್ಲೂ ಕ್ರಷರಿನಲ್ಲಿ ಕಲ್ಲು ಪುಡಿಮಾಡಿದ ಎಂ-ಸ್ಯಾಂಡ್, ಅದರ ಕಾಳು ಚೂಪು. ಮೂರು ತಾಲ್ಲೂಕಿನ ಕಾಂಕ್ರೀಟೂ ಒಂದೇ ಬೋಗುಣಿಯಲ್ಲಿ ಕಲಸಿದಂತಿತ್ತು. ಎಲ್ಲೋ ಯಾರೋ ಒಳ್ಳೆಯ ಸಾಮಾನು ಹಾಕಿ ಕ್ಯೂಬ್ ಮಾಡಿ, ಬೇಕಾದವರಿಗೆಲ್ಲ ಒದಗಿಸುತ್ತಿದ್ದರು.

ಕಪಾಟಿನಿಂದ ಟ್ಯಾಂಕಿನ ಹಳೆಯ ಕಡತ ತೆಗೆದೆ. ಬುನಾದಿ, ಕಂಬ, ತೊಲೆ, ತಳದ ಸ್ಲ್ಯಾಬ್, ಗೋಡೆ. ಎಲ್ಲದರ ವರದಿಯೂ ಇತ್ತು, ಎಲ್ಲವೂ ಪಾಸು. ಐದು ಹಾಳೆಯ ಕೆಳಗೂ ನನ್ನ ಸಹಿ. ಆಗ ಬಂದಿದ್ದ ಕ್ಯೂಬುಗಳ ಮುಖವನ್ನು ನಾನು ನೋಡಿರಲೇ ಇಲ್ಲ. ನೋಡಬೇಕೆಂದು ಅನ್ನಿಸಿಯೂ ಇರಲಿಲ್ಲ.

ಲ್ಯಾಬಿನ ಮಾಲೀಕರು ವರದಮೂಲದ ಕಡೆಯವರು. ನಿವೃತ್ತಿಯ ಹತ್ತಿರ ಬಂದ ವಯಸ್ಸಿನಲ್ಲಿ ಸಾಲ ಮಾಡಿ ಈ ಲ್ಯಾಬ್ ಹಾಕಿದವರು. ಒಳ್ಳೆಯವರು, ಆದರೆ ಹೆದರಿಕೆಯ ಮನುಷ್ಯ. ಸಂಜೆ ಫೋಟೋಗಳನ್ನು ತೋರಿಸಿದೆ. ಕನ್ನಡಕ ಹಾಕಿ ಮೂರನ್ನೂ ನೋಡಿ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದರು.

"ಅಲ್ದೆ ಮಾರಾಯ್ತಿ, ಬಂದ ಕ್ಯೂಬ್ ಒಡೆಯೋದು ನಮ್ಮ ಕೆಲ್ಸ. ಅದು ಎಲ್ಲಿ ಹುಟ್ತು ಅಂತ ಕೇಳೋದು ಇಲಾಖೆ ಕೆಲ್ಸ."

"ಸಾರ್, ಹಿಂದಿನ ಐದಕ್ಕೂ ನಾನೇ ಸಹಿ ಹಾಕಿದೀನಿ."

"ನೀನು ಸುಳ್ಳು ಬರ್ದಿದೀಯಾ? ಇಲ್ಲ. ಯಂತ್ರ ಹೇಳಿದ್ದನ್ನ ಬರ್ದಿದೀಯ. ಕೂತ್ಕೊಂಡು ಯೋಚ್ನೆ ಮಾಡ್ಬೇಡ."

ಯೋಚನೆ ಮಾಡದೆ ಇರಲು ಆಗಲಿಲ್ಲ. ಸೋಪಿನಿಂದ ಹಿಡಿದು ಸ್ಕೂಟಿಯ ಪೆಟ್ರೋಲಿನವರೆಗೆ ತೆರಿಗೆ ಕಟ್ಟುವವಳು ನಾನು. ರಸ್ತೆಯ ಗುಂಡಿ ಕಂಡಾಗ, ಬೀಗ ಹಾಕಿದ ಹೊಸ ಕಟ್ಟಡ ಕಂಡಾಗ, ನಮ್ಮ ದುಡ್ಡನ್ನು ಏನು ಮಾಡುತ್ತಾರೋ ಇವರು ಎಂದು ಬಸ್ಸಿನಲ್ಲಿ ಪಕ್ಕದವರ ಹತ್ತಿರ ಗೊಣಗುತ್ತಿದ್ದವಳು. ಈಗ ಕಡತ ಬಿಚ್ಚಿದರೆ ಆ 'ಇವರು' ಎಂಬುದರಲ್ಲಿ ನಾನೂ ಸೇರಿದ್ದೆ.

ಭಾನುವಾರ ಯಾರಿಗೂ ಹೇಳದೆ ಹೊಸನಗರದ ಬಸ್ಸು ಹತ್ತಿ, ಅಲ್ಲಿಂದ ಮಾಸ್ತಿಕಟ್ಟೆಗೆ ಹೋಗಿ, ಆಟೋ ಮಾಡಿಕೊಂಡು ಆ ಹಳ್ಳಿ ಸೇರಿದೆ. ಮಾರ್ಚ್ ತಿಂಗಳ ಬಿಸಿಲು. ಟ್ಯಾಂಕಿಗೆ ನೀಲಿ ಬಣ್ಣ ಬಳಿದಿದ್ದರು. ಆರು ಕಂಬಗಳ ಮೇಲೆ ನಿಂತ ಐವತ್ತು ಸಾವಿರ ಲೀಟರಿನ ಟ್ಯಾಂಕು. ತುಂಬಿದರೆ ನೀರಿನ ಭಾರವೇ ಐವತ್ತು ಟನ್. ಅದರ ಬುಡದಿಂದ ಏಳೆಂಟು ಹೆಜ್ಜೆ ದೂರದಲ್ಲಿ ಅಂಗನವಾಡಿ.

ಅಂಗನವಾಡಿಯ ಟೀಚರ್ ಮನೆ ಪಕ್ಕದಲ್ಲೇ ಇತ್ತು. ನಾನು ಕಂಬದ ಸುತ್ತ ತಿರುಗುವುದನ್ನು ಕಂಡು ಹೊರಗೆ ಬಂದರು. ಮೂವತ್ತೈದರ ಆಸುಪಾಸಿನ ಹೆಂಗಸು, ಸೊಂಟದಲ್ಲಿ ಖಾಲಿ ಕೊಡ.

"ಎಂತ ಅಕ್ಕ, ನೀರು ಬಿಡೋಕೆ ಬಂದ್ರಾ? ಮುಂದಿನ್ ಶನಿವಾರ ತುಂಬಿಸ್ತಾರಂತೆ. ಉದ್ಘಾಟನೆ ಇದೆ ಅಂದ್ರು."

"ನೋಡೋಣ ಅಂತ ಬಂದೆ. ನಿಮ್ಗೆ ಈಗ ನೀರು ಎಲ್ಲಿಂದ?"

"ಕೆಳಗಿನ್ ಹಳ್ಳದ್ ಗುಂಡಿಯಿಂದ. ಏಪ್ರಿಲ್‌ಗೆ ಅದೂ ಆರತ್ತೆ." ಅವರು ಟ್ಯಾಂಕಿನ ಕಡೆ ಹೆಮ್ಮೆಯಿಂದ ನೋಡಿದರು. "ಈ ವರ್ಷ ತೊಂದ್ರೆ ಇಲ್ಲ ಬಿಡಿ."

ಕಂಬಕ್ಕೆ ಬೀಗದ ಕೈಯಿಂದ ಬಡಿದೆ. ಒಳ್ಳೆಯ ಕಾಂಕ್ರೀಟು ಟಣ್ ಎನ್ನುತ್ತದೆ. ಇದು ಪೊಳ್ಳು ಮರದ ಹಾಗೆ ಮಂಕಾಗಿ ಸದ್ದು ಮಾಡಿತು. ತೊಲೆ ಕೂಡುವ ಕಡೆ ಸಿಮೆಂಟು ಮೆತ್ತಿ ಬಣ್ಣ ಹೊಡೆದಿದ್ದರು. ಕೆರೆದಾಗ ಒಳಗೆ ಜೇನುಗೂಡಿನಂತೆ ತೂತು, ಬರೀ ಜಲ್ಲಿ. ಉಳಿದಿದ್ದ ಸಾಮಾನು ಬೇಲಿಯ ಪಕ್ಕ ಬಿದ್ದಿತ್ತು. ಅದು ಎಂ-ಸ್ಯಾಂಡ್. ಅದರಲ್ಲೂ ಅರ್ಧಕ್ಕರ್ಧ ಕೆಂಪುಮಣ್ಣಿನ ಧೂಳು.

ಟೀಚರ್ ಇನ್ನೂ ಕೊಡ ಹಿಡಿದು ಅಲ್ಲೇ ನಿಂತಿದ್ದರು. ಅವರಿಗೆ ಏನೂ ಹೇಳಲಿಲ್ಲ. ಕೈಯಲ್ಲಿ ಪುರಾವೆ ಇಲ್ಲದೆ ಏನು ಹೇಳಲಿ? ನಂಬರ್ ಮಾತ್ರ ಕೇಳಿ ಬರೆದುಕೊಂಡೆ.

ಸೋಮವಾರ ರಜೆ ಹಾಕಿ ಹೊಸನಗರಕ್ಕೆ ಹೋಗಿ ಆ ಕೆಲಸದ ಜೂನಿಯರ್ ಇಂಜಿನಿಯರನ್ನು ಕಂಡೆ. ಕ್ಯೂಬಿನ ಚೀಟಿಗಳ ಮೇಲೆ ಇದ್ದದ್ದು ಅವರದೇ ಸಹಿ. ಜಗಳಕ್ಕೆ ಸಿದ್ಧಳಾಗಿಯೇ ಹೋಗಿದ್ದೆ. ಅವರು ಫೋಟೋ ನೋಡಿ ಬಾಗಿಲು ಮುಂದಕ್ಕೆಳೆದು ಕೂತರು.

"ಮೇಡಂ, ನಿಮ್ಮತ್ರ ಸುಳ್ಳು ಹೇಳಲ್ಲ. ಚೀಟಿ ಪುಸ್ತಕಕ್ಕೆ ಒಟ್ಟಿಗೇ ಸಹಿ ಹಾಕಿ ಕೊಟ್ಟಿದ್ದೆ. ಈ ಕಡೆ ಘಟ್ಟದ ತುದಿ, ಆ ಕಡೆ ಹಿನ್ನೀರು, ಅಷ್ಟೂ ಕೆಲಸಕ್ಕೆ ನಾನೊಬ್ಬ. ಕಾಂಕ್ರೀಟ್ ಹಾಕೋ ದಿನ ಎಲ್ಲ ಕಡೆ ನಿಲ್ಲೋಕೆ ಆಗತ್ತಾ?"

"ಶನಿವಾರ ನೀರು ತುಂಬಿಸ್ತೀರಿ. ಪಕ್ಕದಲ್ಲಿ ಮಕ್ಕಳಿದಾರೆ."

ಅವರು ಫೋಟೋಗಳನ್ನು ಮತ್ತೊಮ್ಮೆ ಒಂದೊಂದಾಗಿ ನೋಡಿದರು. ಕೊನೆಗೆ, "ಕೋರ್ ತೆಗೆಸೋಣ. ಆದ್ರೆ ಬಾಯಿ ಮಾತಲ್ಲಿ ಆಗಲ್ಲ. ಒಂದೇ ಅಚ್ಚಿನ ಕ್ಯೂಬು, ಅನುಮಾನ ಇದೆ ಅಂತ ಲೆಟರ್‌ಹೆಡ್ ಮೇಲೆ ಬರ್ದು ಕೊಡಿ. ಕಾಗದ ಇದ್ರೆ ನಾನು ಮುಂದೆ ಹೋಗ್ತೀನಿ. ಇಲ್ದಿದ್ರೆ ನನ್ನನ್ನ ಇವ್ರು ಬದುಕೋಕೆ ಬಿಡಲ್ಲ" ಎಂದರು.

ಕೋರ್ ಅಂದರೆ ಕಟ್ಟಿ ಮುಗಿಸಿದ ಕಂಬದಿಂದಲೇ ಕೊಳವೆಯಂಥ ಗರಗಸದಲ್ಲಿ ಕೊರೆದು ತೆಗೆಯುವ ಉರುಳೆ. ಕ್ಯೂಬಿನ ವಿಷಯದಲ್ಲಿ ಮೋಸ ಮಾಡಬಹುದು, ಕಂಬದೊಳಗಿಂದ ಬಂದದ್ದಕ್ಕೆ ಮೋಸ ಮಾಡಲಾಗದು.

ಮಂಗಳವಾರ ಮಾಲೀಕರ ಮುಂದೆ ಪತ್ರದ ಕರಡು ಇಟ್ಟೆ. ಅವರು ಎರಡು ಸಲ ಓದಿ ಕನ್ನಡಕ ತೆಗೆದಿಟ್ಟರು.

"ಇದು ಹೊರಗೆ ಹೋದ್ರೆ ನಾಳೆಯಿಂದ ಒಂದು ಕ್ಯೂಬೂ ನಮ್ಮ ಬಾಗ್ಲಿಗೆ ಬರಲ್ಲ. ಗೊತ್ತಾ ನಿಂಗೆ? ಇಲ್ಲಿ ಎಂಟು ಜನರ ಅನ್ನ ಇದೆ."

"ಗೊತ್ತು ಸಾರ್. ಅದರಲ್ಲಿ ನಂದೂ ಇದೆ."

"ಮತ್ತೆ?"

ಸಹಿಯ ಜೊತೆ ಒತ್ತುವ ನನ್ನ ಹೆಸರಿನ ಮುದ್ರೆಯನ್ನು ಚೀಲದಿಂದ ತೆಗೆದು ಅವರ ಮೇಜಿನ ಮೇಲಿಟ್ಟೆ. "ಹಾಗಿದ್ರೆ ನನ್ನ ಹೆಸರು ತೆಗೆದುಬಿಡಿ. ಬೇರೆಯವರು ಸಹಿ ಹಾಕಲಿ." ಬೆದರಿಸಬೇಕೆಂದು ಹೇಳಿದ್ದಲ್ಲ. ಮಗಳ ಪಿಯುಸಿ ಫೀಸು ಇನ್ನೂ ಒಂದು ಕಂತು ಬಾಕಿ ಇತ್ತು.

ಅವರು ಮುದ್ರೆಯನ್ನು ನೋಡಿದರು, ನನ್ನನ್ನು ನೋಡಿದರು. ಪತ್ರದಲ್ಲಿ 'ಮೋಸ' ಎಂದಿದ್ದ ಕಡೆ ಗೀಟು ಹಾಕಿ 'ಸಂಶಯ' ಎಂದು ತಿದ್ದಿದರು. ಉಳಿದದ್ದನ್ನು ಹಾಗೇ ಬಿಟ್ಟರು. "ಟೈಪ್ ಮಾಡ್ಸು" ಎಂದು ಮುದ್ರೆಯನ್ನು ನನ್ನ ಕಡೆ ಸರಿಸಿ ಎದ್ದು ಹೋದರು.

ಪತ್ರ ಅವತ್ತೇ ಇಂಜಿನಿಯರ ಕೈ ಸೇರಿತು. ಬುಧವಾರ ಬೆಳಿಗ್ಗೆ ನಾನು, ಆಪರೇಟರ್, ಕೋರ್ ಕೊರೆಯುವ ಯಂತ್ರ, ಮೂವರೂ ಬಾಡಿಗೆ ಜೀಪಿನಲ್ಲಿ ಹೊರಟೆವು. ಹಳ್ಳಿ ಮುಟ್ಟಿದಾಗ ಇಂಜಿನಿಯರು ಬಂದಿದ್ದರು. ಗುತ್ತಿಗೆದಾರರ ಸೂಪರ್‌ವೈಸರೂ ಇದ್ದ. ದಪ್ಪ ಮೀಸೆಯ, ನಗುಮುಖದ ಆಸಾಮಿ.

"ಬನ್ನಿ ಮೇಡಂ, ಬನ್ನಿ. ರಸ್ತೆ ಬದಿ ಕಂಬದಲ್ಲೇ ಕೊರೀರಿ, ಮಿಷನ್ ಇಡೋಕೆ ಸಲೀಸು. ಮೂರೂ ಅದರಲ್ಲೇ ತಗಳ್ಳಿ."

"ಚೀಟಿ ಎತ್ತೋಣ" ಎಂದೆ. ಆರು ಚೀಟಿ ಬರೆದು ಇಂಜಿನಿಯರ ಕೈಯಲ್ಲಿ ಮೂರು ಎತ್ತಿಸಿದೆ. ಒಂದು, ನಾಲ್ಕು, ಐದು. ರಸ್ತೆ ಬದಿಯ ಕಂಬ ಬರಲಿಲ್ಲ. ಸೂಪರ್‌ವೈಸರನ ನಗು ಕಡಿಮೆಯಾಯಿತು.

ಅವನು ತರಿಸುತ್ತೇನೆಂದಿದ್ದ ಜನರೇಟರಿಗೆ ಸರಿಯಾಗಿ ಆಗಲೇ ಡೀಸೆಲ್ ಮುಗಿದಿತ್ತಂತೆ. ಅಂಗನವಾಡಿಯ ವೈರಿನಲ್ಲಿ ಬಲ್ಬು ಉರಿಯುವಷ್ಟೂ ವೋಲ್ಟೇಜ್ ಇರಲಿಲ್ಲ. ಆಪರೇಟರ್ ಜೀಪಿನಲ್ಲಿ ಮಾಸ್ತಿಕಟ್ಟೆಗೆ ಹೋಗಿ ಶಾಮಿಯಾನದವರ ಜನರೇಟರ್ ಹೊತ್ತು ತರುವಷ್ಟರಲ್ಲಿ ಒಂದೂವರೆ ಗಂಟೆ ಹೋಯಿತು. ಆಮೇಲೆ ನೀರಿನ ತಾಪತ್ರಯ. ಗರಗಸದ ಹಲ್ಲು ಕಾಯದಂತೆ ಕೊರೆಯುವಾಗ ಸತತವಾಗಿ ನೀರು ಬಿಡಬೇಕು. ನೀರಿನ ಟ್ಯಾಂಕಿನ ಬುಡದಲ್ಲಿ ನಿಂತ ನಮಗೆ ಒಂದು ಬಕೆಟ್ ನೀರಿಗೂ ದಾರಿ ಇರಲಿಲ್ಲ.

ಟೀಚರ್ ಎರಡು ಕೊಡ ತಂದು ಇಟ್ಟರು. ಮುಖ ಬಿಗಿದಿತ್ತು. "ಮಕ್ಕಳ ಕೈ ತೊಳೆಸೋ ನೀರಿದು. ಟ್ಯಾಂಕ್ ತೂತ್ ಮಾಡೋಕೆ ಬಂದಿದೀರಿ ಅಂತ ಭಾನ್ವಾರನೇ ಹೇಳ್ಬೋದಿತ್ತಲ್ಲ?"

ಈ ಸಲ ಎಲ್ಲವನ್ನೂ ಹೇಳಿದೆ. ಅವರು ತಲೆಯೆತ್ತಿ ಆ ನೀಲಿ ಟ್ಯಾಂಕನ್ನು ನೋಡಿದರು, ಆಮೇಲೆ ಅಂಗನವಾಡಿಯ ಹೆಂಚನ್ನು. ಒಳಗೆ ಹೋಗಿ ಮೂರನೆಯ ಕೊಡವನ್ನೂ ತಂದಿಟ್ಟರು.

ಒಂದನೆಯ ಕಂಬದಿಂದ ಕೋರು ಇಡಿಯಾಗಿ ಬಂತು. ನಾಲ್ಕನೆಯದಕ್ಕೆ ಯಂತ್ರ ಕಟ್ಟಿ, ಒಳಗಿನ ಕಬ್ಬಿಣ ಎಲ್ಲಿದೆ ಎಂದು ಶೋಧಕದಿಂದ ಗುರುತು ಮಾಡಿ, ನಡುವಿನ ಜಾಗದಲ್ಲಿ ಕೊರೆಯತೊಡಗಿದೆವು. ಗಟ್ಟಿ ಕಾಂಕ್ರೀಟಾದರೆ ಗರಗಸ ಕಿರುಚುತ್ತದೆ, ಹಿಡಿದವರ ತೋಳು ನಡುಗುತ್ತದೆ. ಇಲ್ಲಿ ಅದು ಹಣ್ಣಿಗೆ ಚಾಕು ಇಳಿದಂತೆ ಸರಸರ ಇಳಿಯಿತು. ಬೂದಿಬಣ್ಣದ ರಾಡಿ ಬರಬೇಕಾದಲ್ಲಿ ಕೆಂಪುಮಣ್ಣಿನ ನೀರು ಹರಿಯಿತು. ಆಪರೇಟರ್ ನನ್ನ ಮುಖ ನೋಡಿದರು. ಗರಗಸ ಹೊರಗೆಳೆದಾಗ ಒಳಗಿಂದ ಉರುಳೆ ಬರಲಿಲ್ಲ, ಜಲ್ಲಿಯೂ ಪುಡಿಯೂ ಬೊಗಸೆಗೆ ಬಂತು.

ಇಂಜಿನಿಯರು ಒಂದು ಚೂರನ್ನು ಎತ್ತಿ ಬೆರಳಲ್ಲಿ ತಿಕ್ಕಿದರು. ಅದು ಪುಡಿಯಾಯಿತು. ಅವರು ಆ ಬೆರಳನ್ನೇ ನೋಡುತ್ತ ನಿಂತರು.

"ಮಿಷನ್ ಅಲುಗಾಡಿ ಪುಡಿಯಾಯ್ತು ಸಾರ್" ಎಂದ ಸೂಪರ್‌ವೈಸರ್. ಅವನ ಮಾತಿಗೆ ಎಡೆ ಕೊಡಬಾರದೆಂದು ಅದೇ ಕಂಬದಲ್ಲಿ ಒಂದು ಅಡಿ ಮೇಲೆ ಮತ್ತೆ ಕೊರೆದೆವು. ಅದು ಹೇಗೋ ಇಡಿಯಾಗಿ ಬಂತು. ಐದನೆಯದೂ ಬಂತು. ಮೂರು ಕೋರಿನ ಮೇಲೂ ಇಂಜಿನಿಯರು, ಸೂಪರ್‌ವೈಸರು, ನಾನು ಸಹಿ ಹಾಕಿ, ಗೋಣಿ ಸುತ್ತಿ ಜೀಪಿನಲ್ಲಿಟ್ಟೆವು. ಕೊರೆದ ತೂತುಗಳಿಗೆ ಗಾರೆ ತುಂಬಿ ಮುಚ್ಚಿದೆವು.

ಲ್ಯಾಬಿಗೆ ತಂದು ತುದಿ ಕತ್ತರಿಸಿ ಸಮ ಮಾಡಿ ನೀರಿಗೆ ಹಾಕಿದಾಗ ಸಂಜೆ ಐದು ಗಂಟೆ. ಕೋರು ಎರಡು ದಿನ ನೀರಲ್ಲಿ ನೆನೆಯಬೇಕು, ಅದು ನಿಯಮ. ಅಂದರೆ ಶುಕ್ರವಾರ ಸಂಜೆ ಐದಕ್ಕೆ ಮುಂಚೆ ಒಡೆಯುವಂತಿಲ್ಲ.

ಗುರುವಾರವೆಲ್ಲ ಫೋನು. ಪರಿಚಯದವರು, ಪರಿಚಯವಿಲ್ಲದವರು, ತೀರ್ಥಹಳ್ಳಿಯ ನನ್ನ ತವರಿನ ಕಡೆಯ ದೊಡ್ಡಪ್ಪನ ಮಗ ಕೂಡ. "ಯಾಕೆ ತಂಗಿ ಬೇಡದ ಉಸಾಬರಿ? ಸರ್ಕಾರದ ದುಡ್ಡು, ನಿನ್ನಪ್ಪಂದಾ?" ಎಂದ. ಅಪ್ಪನದೂ ಹೌದು, ನಿನ್ನದೂ ಹೌದು ಎನ್ನಬೇಕೆಂದುಕೊಂಡೆ. ಅಷ್ಟರಲ್ಲಿ ಇಟ್ಟುಬಿಟ್ಟಿದ್ದ.

ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆಗೆ ಟೀಚರ ಫೋನು ಬಂತು.

"ಅಕ್ಕ, ಟ್ಯಾಂಕಿಗೆ ನೀರು ಹತ್ತಿಸ್ತಿದಾರೆ. ಏಳು ಗಂಟೆಯಿಂದ ಪಂಪ್ ಓಡ್ತಿದೆ. ಶನಿವಾರ ಅಂದಿದ್ರಲ್ಲ?"

ವರದಿ ಬರುವ ಮುಂಚೆ ತುಂಬಿಸಿ, ನಿಂತಿದೆಯಲ್ಲ ನೋಡಿ ಎಂದು ತೋರಿಸುವ ಉಪಾಯ. "ಮಕ್ಕಳನ್ನ ಈಗ್ಲೇ ಹೊರಗೆ ಕರ್ಕೊಂಡು ಹೋಗಿ. ದೂರ ಹೋಗಿ, ಮೇಲಿನ ರಸ್ತೆಗೆ. ಯಾರೂ ಟ್ಯಾಂಕಿನ ಹತ್ರ ಬರ್ಬಾರ್ದು."

"ಪಂಪ್ ಬಂದ್ ಮಾಡು ಅಂದ್ರೆ ನೀರು ಬಿಡೋನು ಕೇಳ್ತಿಲ್ಲ. ಕಾಗದ ತೋರ್ಸು ಅಂತಾನೆ."

ಇಂಜಿನಿಯರಿಗೆ ಫೋನ್ ಮಾಡಿದೆ. ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ ಎಂಬ ಉತ್ತರ ಬಂತು. ಮಾಲೀಕರು ವರದಮೂಲದಲ್ಲಿ ಮನೆಯವರ ಪೂಜೆಗೆ ಹೋಗಿದ್ದರು, ಫೋನು ಎತ್ತಲಿಲ್ಲ. ಆಪರೇಟರ್ ಕೋರು ನೆನೆಹಾಕಿದ ತೊಟ್ಟಿಯ ಹತ್ತಿರ ನಿಂತು, "ಈಗ್ಲೇ ಒಡೆದ್ಬಿಡೋಣ ಮೇಡಂ" ಎಂದರು.

ಒಡೆಯಬಹುದಿತ್ತು. ಆದರೆ ಅವಧಿಗೆ ಮುಂಚೆ ಒಡೆದ ಕೋರಿನ ಫಲಿತಾಂಶವನ್ನು ಗುತ್ತಿಗೆದಾರರು ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಿದ್ದರು. ಮತ್ತೆ ಕೊರೆಯಲು ಯಾರೂ ಬಿಡುತ್ತಿರಲಿಲ್ಲ. ಇವತ್ತು ಆ ಮಕ್ಕಳನ್ನು ಉಳಿಸಿಕೊಂಡು ನಾಳೆ ಟ್ಯಾಂಕನ್ನು ಅವರ ತಲೆಯ ಮೇಲೆ ಬಿಟ್ಟಂತಾಗುತ್ತಿತ್ತು. ಕಾಯುವುದಕ್ಕೂ ಆಗದು, ಪಂಪು ಓಡುತ್ತಲೇ ಇದೆ.

ಕೋರನ್ನು ಮುಟ್ಟಲಿಲ್ಲ. ಕಂಪ್ಯೂಟರಿನ ಮುಂದೆ ಕೂತು ಲೆಟರ್‌ಹೆಡ್ ಮೇಲೆ ನಾಲ್ಕು ಸಾಲು ಟೈಪ್ ಮಾಡಿದೆ. ನಾಲ್ಕನೆಯ ಕಂಬದ ಕಾಂಕ್ರೀಟು ಕೊರೆಯುವಾಗಲೇ ಪುಡಿಯಾಗಿದೆ, ಪರೀಕ್ಷೆ ಮುಗಿಯುವವರೆಗೆ ಟ್ಯಾಂಕಿಗೆ ನೀರು ತುಂಬಿಸುವುದು ಅಪಾಯ, ಕೂಡಲೇ ನಿಲ್ಲಿಸಿ ಖಾಲಿ ಮಾಡಬೇಕು. ಕೊನೆಯಲ್ಲಿ ಇನ್ನೊಂದು ಸಾಲು ಸೇರಿಸಿದೆ: ಇದೇ ಕಂಬಗಳಿಗೆ ಈ ಹಿಂದೆ ನಾನು ಕೊಟ್ಟ ವರದಿಗಳನ್ನು ನಂಬಬಾರದು. ಮಾಲೀಕರ ಒಪ್ಪಿಗೆ ಇಲ್ಲದೆ ಅಂಥ ಪತ್ರ ಕಳಿಸುವ ಅಧಿಕಾರ ನನಗಿರಲಿಲ್ಲ. ಸಹಿ ಹಾಕಿ, ಮುದ್ರೆ ಒತ್ತಿ, ಫೋಟೋ ತೆಗೆದು ಟೀಚರಿಗೂ ಪಂಚಾಯ್ತಿಗೂ ಇಂಜಿನಿಯರಿಗೂ ವಾಟ್ಸಾಪ್ ಮಾಡಿದೆ.

ಆಮೇಲಿನ ಇಪ್ಪತ್ತು ನಿಮಿಷ ಏನು ಮಾಡಿದೆ ಎಂದು ನೆನಪಿಲ್ಲ. ಆಪರೇಟರ್ ಟೀ ತಂದಿಟ್ಟಿದ್ದರು, ಅದರ ಮೇಲೆ ಕೆನೆ ಕಟ್ಟಿತ್ತು. ಫೋನು ಬಂದಾಗ ಟೀಚರ್ ಏದುಸಿರು ಬಿಡುತ್ತಿದ್ದರು.

"ಬಂದ್ ಆಯ್ತು ಅಕ್ಕ. ಕಾಗದ ಓದಿ ಹೇಳ್ದೆ. ಸೂಪರ್‌ವೈಸರ್ ಅಡ್ಡ ಬಂದ. ಊರಿನ್ ಹೆಂಗಸ್ರೆಲ್ಲ ಪಂಪ್ ಮನೆ ಬಾಗ್ಲಲ್ಲಿ ಕೂತ್ವಿ. ನೀರು ಬಿಡೋನೇ ಕೊನೆಗೆ ಸ್ವಿಚ್ ತೆಗ್ದ. ಅವನ್ ಮಗಳೂ ನಮ್ ಅಂಗನವಾಡಿಗೇ ಬರೋದು." ಉಸಿರೆಳೆದುಕೊಂಡು, "ನಾಲ್ಕನೇ ಕಂಬದ್ ತಲೆ ಹತ್ರ ಬಿರುಕು ಬಿಟ್ಟಿದೆ. ನಿನ್ನೆ ಇರ್ಲಿಲ್ಲ. ನೀರು ಜಿನುಗ್ತಿದೆ" ಎಂದರು.

ಟ್ಯಾಂಕು ಆಗ ಮೂರನೇ ಒಂದು ಪಾಲೂ ತುಂಬಿರಲಿಲ್ಲ.

ಸಂಜೆ ಐದಕ್ಕೆ ಎಲ್ಲರೂ ಲ್ಯಾಬಿನಲ್ಲಿದ್ದರು. ಇಂಜಿನಿಯರು ಟ್ಯಾಂಕು ಖಾಲಿ ಮಾಡಿಸಿ ನೇರ ಬಂದಿದ್ದರು, ಪ್ಯಾಂಟಿನ ತುದಿ ಒದ್ದೆ. ಗುತ್ತಿಗೆದಾರರು ತಾವೇ ಬಂದು ಗೋಡೆಗೆ ಒರಗಿ ನಿಂತಿದ್ದರು. ವರದಮೂಲದಿಂದ ಓಡಿಬಂದ ಮಾಲೀಕರ ಹಣೆಯಲ್ಲಿ ಕುಂಕುಮ ಇನ್ನೂ ಇತ್ತು.

ಆಪರೇಟರ್ ಮೊದಲ ಕೋರನ್ನು ಯಂತ್ರದಲ್ಲಿಟ್ಟರು. ಪರದೆಯ ಮೇಲೆ ಅಂಕಿ ಏರತೊಡಗಿತು, ಏರುತ್ತಿದ್ದ ಹಾಗೇ ಥಟ್ಟನೆ ನಿಂತಿತು. ಸದ್ದು ಕೂಡ ಸರಿಯಾಗಿ ಬರಲಿಲ್ಲ, ಹಪ್ಪಳ ಮುರಿದಷ್ಟು. ಎರಡನೆಯದು ಅದಕ್ಕಿಂತ ಬೇಗ. ಮೂರನೆಯದೂ ಹಾಗೇ. ಲೆಕ್ಕ ಹಾಕಿದಾಗ ಇರಬೇಕಾದ ಬಲದ ಅರ್ಧದಷ್ಟೂ ಇರಲಿಲ್ಲ. ಗುತ್ತಿಗೆದಾರರು, "ನೆನೆಹಾಕಿದ್ದು ಎಷ್ಟು ಗಂಟೆ?" ಎಂದು ಕೇಳಿದರು. ರಿಜಿಸ್ಟರ್ ತಿರುಗಿಸಿ ಅವರ ಮುಂದಿಟ್ಟೆ. ಬುಧವಾರ ಐದು, ಶುಕ್ರವಾರ ಐದು ಕಳೆದು ಹತ್ತು ನಿಮಿಷ. ಅವರು ಓದಿ ಹೊರಗೆ ಹೋದರು.

ಎಲ್ಲರೂ ಹೋದ ಮೇಲೆ ಮಾಲೀಕರು ಬೆಳಗಿನ ಪತ್ರದ ಪ್ರತಿ ಕೇಳಿದರು. ನಿಂತುಕೊಂಡೇ ಓದಿದರು. ಕೊನೆಯ ಸಾಲನ್ನು ಇನ್ನೊಮ್ಮೆ ಓದಿದರು. ಆಮೇಲೆ ನನ್ನ ಸಹಿಯ ಪಕ್ಕ ತಮ್ಮದೂ ಹಾಕಿ, "ಫೈಲಿಗೆ ಹಾಕು. ಇನ್ನೊಂದ್ಸಲ ಹೀಗೆ ಮಾಡೋ ಮುಂಚೆ ಪೂಜೆ ಮಧ್ಯ ಆದ್ರೂ ಎಬ್ಬಿಸ್ಬೇಕು ನನ್ನ" ಎಂದರು.

ಇಷ್ಟಕ್ಕೆ ಎಲ್ಲ ಸರಿಹೋಯಿತು ಎಂದು ಬರೆಯಲು ನನಗೂ ಆಸೆ. ಹಾಗಾಗಲಿಲ್ಲ. ಟ್ಯಾಂಕನ್ನು ಕೆಡವಬೇಕೆಂದು ಆದೇಶವಾಯಿತು. ಖರ್ಚು ಗುತ್ತಿಗೆದಾರರೇ ಭರಿಸಬೇಕೆಂದರು, ಅವರು ಕೋರ್ಟಿಗೆ ಹೋದರು. ಜನ ನೀರಿಲ್ಲದೆ ಎಷ್ಟು ದಿನ ಇರುತ್ತಾರೆ? ಇಲಾಖೆ ಹೊಸದಾಗಿ ಅನುದಾನ ತಂದಿತು. ಒಂದೇ ಊರಿನ ಒಂದೇ ಟ್ಯಾಂಕಿಗೆ ನಾವೆಲ್ಲ ಎರಡನೆಯ ಸಲ ದುಡ್ಡು ಕೊಟ್ಟೆವು. ಕಿಂಡಿ ಅಣೆಕಟ್ಟು ಮತ್ತು ಮೋರಿಯ ಬಗ್ಗೆ ನಾನು ಬರೆದ ಎರಡು ಪತ್ರಕ್ಕೂ 'ಪರಿಶೀಲಿಸಲಾಗುವುದು' ಎಂಬ ಉತ್ತರ ಬಂತು, ಕೋರು ತೆಗೆಯಲು ಯಾರೂ ಕರೆಯಲಿಲ್ಲ. ವಿಚಾರಣೆಯಲ್ಲಿ ನನ್ನ ಐದು ವರದಿಗಳನ್ನೂ ಹರಡಿ ಒಂದೊಂದನ್ನೇ ತೋರಿಸಿ ಕೇಳಿದರು. ಪ್ರತಿಯೊಂದಕ್ಕೂ ಹೌದು ಎಂದೆ. ಇಂಜಿನಿಯರಿಗೆ ಒಂದು ವೇತನ ಬಡ್ತಿ ತಪ್ಪಿತು. ಮಾಲೀಕರು ಹೆದರಿದ್ದಂತೆ ಲ್ಯಾಬಿಗೆ ಬರುವ ಕ್ಯೂಬುಗಳು ಅರ್ಧಕ್ಕಿಳಿದವು, ಈಗಲೂ ಪೂರ್ತಿ ಚೇತರಿಸಿಕೊಂಡಿಲ್ಲ.

ಆ ಬೇಸಿಗೆ ಹಳ್ಳಿಗೆ ಟ್ರ್ಯಾಕ್ಟರಿನಲ್ಲಿ ನೀರು ಬಂತು, ಮೂರು ದಿನಕ್ಕೊಮ್ಮೆ. ಟ್ಯಾಂಕು ಕೆಡಹುವ ದಿನ ಹೋಗಿದ್ದೆ. ಸುತ್ತಲಿನ ಊರಿನವರೆಲ್ಲ ನೋಡಲು ಸೇರಿದ್ದರು. ಟೀಚರ್ ನನ್ನ ಪಕ್ಕ ಬಂದು ನಿಂತರು.

"ಬೀಳೋದು ನೋಡೋಕೆ ಎಷ್ಟ್ ಜನ ಬಂದಿದಾರೆ ನೋಡಿ" ಎಂದರು. "ಕಟ್ಟೋವಾಗ ಒಬ್ರೂ ಬರ್ಲಿಲ್ಲ. ನಾನು ದಿನಾ ಇಲ್ಲೇ ಇದ್ದೆ, ನಾನೂ ನೋಡ್ಲಿಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಎಂತ ನೋಡ್ಬೇಕು ಅಂತ ಹೇಳ್ಕೊಡ್ತೀರಾ?" ಎಂದು ಕೇಳಿದರು.

ಮುಂದಿನ ಚಳಿಗಾಲದಲ್ಲಿ ಹೊಸ ಟ್ಯಾಂಕಿನ ಕಂಬಗಳಿಗೆ ಕಾಂಕ್ರೀಟ್ ಹಾಕುವ ದಿನ ನಾನು ಒಂದು ಅಡಿ ಎತ್ತರದ ಕಬ್ಬಿಣದ ಶಂಕುವನ್ನು ಹೊತ್ತುಕೊಂಡು ಹೋದೆ. ಎರಡೂ ಕಡೆ ಬಾಯಿ ತೆರೆದಿರುವ ಡಬ್ಬಿ ಅದು. ಕಲಸಿದ ಕಾಂಕ್ರೀಟನ್ನು ಮೂರು ಪದರವಾಗಿ ತುಂಬಿ, ಪ್ರತಿ ಪದರವನ್ನೂ ಸರಳಿನಿಂದ ಇಪ್ಪತ್ತೈದು ಸಲ ಕುಟ್ಟಿ, ಶಂಕುವನ್ನು ನಿಧಾನ ಮೇಲಕ್ಕೆತ್ತಬೇಕು. ಗುಡ್ಡೆ ನಾಲ್ಕು ಬೆರಳಿನಷ್ಟು ಕುಗ್ಗಿ ನಿಂತರೆ ಸರಿ. ಪೂರಾ ಕುಸಿದು ಹರಡಿದರೆ ನೀರು ಜಾಸ್ತಿಯಾಗಿದೆ, ಆ ಕಾಂಕ್ರೀಟಿಗೆ ಬಲ ಬರುವುದಿಲ್ಲ. ಮೊದಲ ಎರಡು ಸಲ ನಾನು ಮಾಡಿ ತೋರಿಸಿದೆ. ಮೂರನೆಯ ಸಲ ಟೀಚರ್ ಸೆರಗು ಸಿಕ್ಕಿಸಿಕೊಂಡು ಕೂತರು. ತುಟಿಯಲ್ಲೇ ಎಣಿಸುತ್ತ ಕುಟ್ಟಿದರು. ಎರಡೂ ಕೈಯಲ್ಲಿ ಶಂಕುವನ್ನು ನೇರ ಮೇಲಕ್ಕೆತ್ತಿದರು.

ಗುಡ್ಡೆ ಗಂಜಿಯಂತೆ ಹರಡಿಹೋಯಿತು.

"ಇದು ಕಂಬಕ್ಕೆ ಬೇಡ" ಎಂದರು ಟೀಚರ್.

ಮೇಸ್ತ್ರಿ ನಕ್ಕ. "ಟೀಚರೇ, ನೀವು ಮಕ್ಳಿಗೆ ಹಾಡು ಹೇಳ್ಕೊಡ್ ಹೋಗಿ. ಇದು ನಮ್ ಕೆಲ್ಸ."

"ಹಾಡು ಬೆಳಿಗ್ಗೆನೇ ಹೇಳ್ಕೊಟ್ಟಾಯ್ತು. ಇದನ್ನ ಆಚೆ ಸುರೀರಿ."

ಮೇಸ್ತ್ರಿ ಇಂಜಿನಿಯರ ಮುಖ ನೋಡಿದ. ಅವರು ಅವತ್ತು ಬೆಳಗಿನಿಂದ ಅಲ್ಲೇ ಇದ್ದರು. ಮೊಣಕಾಲೂರಿ ಕೂತು, ಹರಡಿದ ಗುಡ್ಡೆಗೆ ಸ್ಕೇಲು ಹಿಡಿದು ನೋಡಿ, ಎದ್ದು ಕೈ ಒರೆಸಿಕೊಂಡರು.

"ಕೇಳಿಸ್ಲಿಲ್ವಾ?" ಎಂದರು. "ಟೀಚರ್ ಹೇಳಿದ್ರಲ್ಲ."

ತುಂಬಿದ ಗಾಡಿಯನ್ನು ಮೇಸ್ತ್ರಿ ಬೇಲಿಯ ಕಡೆಗೆ ತಿರುಗಿಸಿದ.